ಉಣುಗು, ಚಿಗಟಕ್ಕೆ ನೈಸರ್ಗಿಕ ದಾರಿ: ಅನುಭವವಿದ್ದವರು ಹೇಳಿ

ಬೂದಿಯ ಮನೆಯವರು: ನಮ್ಮ ನಾಯಿ ಬೂದಿಗೆ ನಾಲ್ಕು ವರ್ಷ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು. ಕೆರೆದುಕೊಂಡು ಬಾಲದ ಬುಡದಲ್ಲಿ ಕೂದಲೇ ಉಳಿದಿಲ್ಲ. ಮರಿಯಾಗಿದ್ದಾಗ ಒಮ್ಮೆ ಫಿಟ್ಸ್ ಬಂದಿತ್ತು, ಹಾಗಾಗಿ ಉಣುಗು ಕೊಲ್ಲುವ ಮಾತ್ರೆ ಕೊಡಲು ಭಯ. ಮನೆಯಲ್ಲಿ ಬೆಕ್ಕಿನ ಮರಿಯೂ ಇದೆ. ನೈಸರ್ಗಿಕವಾಗಿ ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಬೇವಿನಮರ: ಬೇವಿನೆಣ್ಣೆ. ಬೇರೇನೂ ಬೇಡ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಮೊದಲ ಸಲ ಎಣ್ಣೆಯನ್ನು ಹಾಗೆಯೇ ಸುರಿದು ತಿಕ್ಕಿದೆ. ಕೂದಲು ಅಂಟಿ ಜಡೆಗಟ್ಟಿತು, ಹೊಟ್ಟೆಯ ಚರ್ಮ ಕೆಂಪಾಯಿತು, ನಾಯಿ ಎರಡು ದಿನ ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಎಣ್ಣೆ, ಬೆರೆಯಲೆಂದು ನಾಯಿಯ ಶಾಂಪೂ ಕೆಲವು ಹನಿ. ವಾರಕ್ಕೆ ಎರಡು ಸಲ, ಮಳೆಯಲ್ಲಿ ನೆನೆದರೆ ಮೂರು. ಎಂಟು ತಿಂಗಳಲ್ಲಿ ಹನ್ನೊಂದು ಸೀಸೆ ಖಾಲಿ. ಸೋಫಾದ ಹೊದಿಕೆ ಹಾಳು, ಎರಡು ಹಾಸಿಗೆ ಬಟ್ಟೆಯ ಮೇಲೆ ಇಂದಿಗೂ ಹಳದಿ ಕಲೆ, ಬಂದ ನೆಂಟರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಆಗಲಿ. ದಿನವೂ ಸಂಜೆ ಮುಕ್ಕಾಲು ಗಂಟೆ ಹೇನಿನ ಬಾಚಣಿಗೆ ಹಿಡಿದು ಕುಳಿತು ಲೆಕ್ಕ ಬರೆದಿಟ್ಟಿದ್ದೇನೆ: ಮೊದಲ ವಾರ 63 ಉಣುಗು, ಮೂರನೆಯ ತಿಂಗಳಲ್ಲಿ ವಾರಕ್ಕೆ 4. ಇದು ಬೇವಿನ ಶಕ್ತಿ.

ಇಪ್ಪತ್ತೆಂಟು ದಿನ: ಬೇವಿನಮರ ಅವರೇ, ಅದು ಬೇವಿನ ಶಕ್ತಿಯಲ್ಲ, ನಿಮ್ಮ ಮುಕ್ಕಾಲು ಗಂಟೆಯ ಶಕ್ತಿ. ನಾನೂ ಎರಡು ವರ್ಷ ಎಣ್ಣೆಯನ್ನೇ ನಂಬಿದ್ದವಳು. ಒಂದು ಬೆಳಿಗ್ಗೆ ನನ್ನ ಗಂಡು ನಾಯಿ ಅನ್ನದ ತಟ್ಟೆಯ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ಮೂಗಿನಿಂದ ರಕ್ತ. ಎಹರ್ಲಿಷಿಯಾ, ಅಂದರೆ ಉಣುಗಿನಿಂದ ಬರುವ ಜ್ವರ. ಎರಡು ಲಕ್ಷ ಇರಬೇಕಾದ ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದಿತ್ತು. ಎರಡು ಸಲ ರಕ್ತ ಕೊಡಿಸಿದೆ, ಅದಕ್ಕಾಗಿ ದೊಡ್ಡ ನಾಯಿ ಇರುವ ಮನೆಗಳಿಗೆಲ್ಲ ಫೋನ್ ಮಾಡಿ ಬೇಡಿದೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ 28 ದಿನ. ಹೊಟ್ಟೆ ತುಂಬಿದ ಮೇಲೆ ಕೊಡಬೇಕು, ತಿನ್ನದ ನಾಯಿಗೆ ಹೇಗೆ ಕೊಡುವುದು? ಕೊಟ್ಟರೆ ವಾಂತಿ, ಮತ್ತೆ ಕೊಡು, ಮತ್ತೆ ವಾಂತಿ. ಆಸ್ಪತ್ರೆಗೆ 19 ಸಲ ಓಡಾಡಿದೆ. ವಾರಕ್ಕೆ ನಾಲ್ಕೇ ಉಣುಗು ಎಂದು ಹೆಮ್ಮೆಪಡುತ್ತೀರಲ್ಲ, ಜ್ವರ ಅಂಟಿಸಲು ಒಂದು ಸಾಕು. ಈಗ ನಾನು ತಿಂಗಳ ಮಾತ್ರೆ ಬಿಟ್ಟು ಇನ್ನೇನನ್ನೂ ಮುಟ್ಟುವುದಿಲ್ಲ.

ಬೇವಿನಮರ: ನಿಮ್ಮ ನಾಯಿಗೆ ಆದದ್ದಕ್ಕೆ ಬೇಸರವಿದೆ. ಆದರೆ ಆ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ: ಕೆಲವು ನಾಯಿಗಳಿಗೆ ನಡುಕ, ತೂರಾಟ, ಫಿಟ್ಸ್. ಇವರ ನಾಯಿಗೆ ಮೊದಲೇ ಫಿಟ್ಸ್ ಬಂದಿದೆ. ಓದಿ ಉತ್ತರಿಸಿ.

ಇಪ್ಪತ್ತೆಂಟು ದಿನ: ಪೂರ್ತಿ ಓದಿ. ಬಹುಪಾಲು ನಾಯಿಗಳಿಗೆ ಸುರಕ್ಷಿತ ಎಂದೂ ಅದರಲ್ಲೇ ಇದೆ. ಫಿಟ್ಸ್ ಬಂದಿರುವ ನಾಯಿಗೆ ಬೇರೆ ಗುಂಪಿನ ಔಷಧವಿದೆ, ಅದನ್ನು ಪಶುವೈದ್ಯರು ಹೇಳುತ್ತಾರೆ, ಎಣ್ಣೆಯ ಸೀಸೆ ಹೇಳುವುದಿಲ್ಲ.

ಪೊರಕೆ: ಇಬ್ಬರೂ ನಾಯಿಯ ಮೈ ಹಿಡಿದುಕೊಂಡೇ ಜಗಳವಾಡುತ್ತಿದ್ದೀರಿ. ಚಿಗಟದ ಸಂಸಾರದಲ್ಲಿ ನಾಯಿಯ ಮೇಲೆ ಕಾಣುವುದು ನೂರಕ್ಕೆ ಐದು ಪಾಲು. ಉಳಿದದ್ದು ಮೊಟ್ಟೆ, ಮರಿಹುಳು, ಗೂಡು ಎಂದು ನಿಮ್ಮ ರತ್ನಗಂಬಳಿಯಲ್ಲಿದೆ. ಒಮ್ಮೆ ಮನೆಗೆ ಬೀಗ ಹಾಕಿ ಎರಡು ತಿಂಗಳು ಹೊರಗಿದ್ದೆವು, ನಾಯಿಯೂ ನಮ್ಮ ಜೊತೆಗೇ ಇತ್ತು. ಮನೆ ಖಾಲಿಯಿದ್ದರೆ ಚಿಗಟ ಉಪವಾಸ ಬಿದ್ದು ಸಾಯುತ್ತದೆ ಎಂದುಕೊಂಡಿದ್ದೆ. ಬಾಗಿಲು ತೆರೆದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಬಿಳಿ ಕಾಲುಚೀಲ ಕಪ್ಪಾಯಿತು. ಗೂಡಿನೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ ತಗುಲಿದ ಕೂಡಲೇ ಏಳುತ್ತವೆ.

ಆಗ ಯಾರೋ ಡಯಾಟಮ್ ಪುಡಿ ಎಂದರು, ಪಾಚಿಯ ಪಳೆಯುಳಿಕೆಯ ನುಣ್ಣನೆ ಧೂಳು, ಹುಳುವಿನ ಮೈ ಒಣಗಿಸಿ ಕೊಲ್ಲುವಂಥದ್ದು. ಎಲ್ಲ ಕೋಣೆಗಳಿಗೂ ಎರಚಿದೆ. ಆ ಧೂಳಿಗೆ ಮೂರು ವಾರ ಕೆಮ್ಮು. ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರ್ ಸುಟ್ಟಿತು, ರಿಪೇರಿಯವನು ಬಿಚ್ಚಿ ನೋಡಿ ಹಿಟ್ಟಿನ ಗಿರಣಿಯೇ ಎಂದು ಕೇಳಿದ. ನೆಲ ಒರೆಸಿದಾಗ ಪುಡಿ ಒದ್ದೆಯಾಯಿತು. ಒದ್ದೆಯಾದರೆ ಅದು ಬರೀ ಕೆಸರು. ಕೊನೆಗೆ ಗೆದ್ದದ್ದು ಹೀಗೆ: ಎರಡನೆಯ ಯಂತ್ರದಿಂದ ದಿನಕ್ಕೊಮ್ಮೆ ಎಳೆದು, ಕಸವನ್ನು ಅಂದೇ ಕಟ್ಟಿ ಹೊರಗೆ ಹಾಕುವುದು, ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯುವುದು. ಮೂರೂವರೆ ತಿಂಗಳು. ಸೊಂಟ ಹೋಯಿತು. ಉಣುಗಿನದು ಬೇರೆಯೇ ಕಥೆ. ಕಂದು ಉಣುಗು ರಕ್ತ ಹೀರಿ ಕೆಳಗೆ ಬಿದ್ದು ಗೋಡೆ ಹತ್ತುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಮದುವೆಯ ಫೋಟೊ ಚೌಕಟ್ಟಿನ ಹಿಂದೆ ಒಂದು ಇಡೀ ವಂಶವೇ ಸಿಕ್ಕಿತು.

ಹಳೆಕೈ: ಇಷ್ಟೆಲ್ಲ ಯಾಕೆ? ಊಟದ ಜೊತೆ ದಿನಕ್ಕೆರಡು ಬೆಳ್ಳುಳ್ಳಿ ಎಸಳು, ಕುಡಿಯುವ ನೀರಿಗೆ ಒಂದು ಚಮಚ ವಿನೆಗರ್. ಕಚ್ಚಿದ ಉಣುಗಿಗೆ ಬೆಂಕಿಕಡ್ಡಿ ಗೀರಿ ತಾಗಿಸಿದರೆ ತಾನೇ ಬಿಡುತ್ತದೆ. ನನ್ನ ನಾಯಿ ಹದಿನಾಲ್ಕು ವರ್ಷ ಬದುಕಿತು.

ಇಪ್ಪತ್ತೆಂಟು ದಿನ: ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ! ರಕ್ತ ಹೀರುವ ಹುಳುವನ್ನು ಓಡಿಸಲು ರಕ್ತವನ್ನೇ ಕೆಡಿಸುವುದೇ? ಬೆಂಕಿಕಡ್ಡಿಯಂತೂ ಬೇಡವೇ ಬೇಡ. ಸುಟ್ಟ ಉಣುಗು ಜೊಲ್ಲನ್ನೆಲ್ಲ ಗಾಯದೊಳಗೆ ಕಾರಿಕೊಳ್ಳಬಹುದು. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ, ಸ್ಪಿರಿಟ್‌ನಲ್ಲಿ ಹಾಕಿ.

ಹಳೆಕೈ: ಹದಿನಾಲ್ಕು ವರ್ಷ ಎಂದೆ.

ಬೇವಿನಮರ: ನಾನು ಉಗುರಿನಲ್ಲೇ ಕುಕ್ಕುತ್ತೇನೆ.

ಪೊರಕೆ: ಉಗುರಿನಲ್ಲಿ ಒಡೆದರೆ ಒಳಗಿನ ರೋಗ ನಿಮ್ಮ ಕೈಗೆ. ಎಂಟು ತಿಂಗಳ ಲೆಕ್ಕ ಬರೆದವರಿಗೆ ಇದು ಗೊತ್ತಿಲ್ಲವೇ?

ಏಳು ಹನಿ: ತಡವಾಗಿ ಬಂದೆ. ಯಾರೂ ಹೇಳದ್ದನ್ನು ಹೇಳುತ್ತೇನೆ. ಸೀಸೆಯ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ’ ಎಂದಿತ್ತು. ಟೀ ಟ್ರೀ ಎಣ್ಣೆ, ಒಂದು ಮರದ ಎಲೆಯಿಂದ ತೆಗೆದದ್ದು. ನನ್ನ ನಾಯಿಯ ಕತ್ತಿನ ಹಿಂದೆ ಏಳೇ ಹನಿ, ನೀರು ಬೆರೆಸದೆ. ಸಂಜೆಯ ಹೊತ್ತಿಗೆ ಹಿಂಗಾಲು ತೂರಾಡತೊಡಗಿತು, ಕರೆದರೆ ಕಣ್ಣು ಮಾತ್ರ ತಿರುಗಿಸಿತು. ರಾತ್ರಿ ಹನ್ನೊಂದಕ್ಕೆ ಶಾಂಪೂವಿನಲ್ಲಿ ತೊಳೆದು ಆಸ್ಪತ್ರೆಗೆ ಹೊತ್ತುಕೊಂಡು ಹೋದೆ, 31 ಕೆಜಿ, ಮೂರನೆಯ ಮಹಡಿಯಿಂದ. ಎರಡು ರಾತ್ರಿ ಡ್ರಿಪ್. ಬದುಕಿತು. ನೈಸರ್ಗಿಕ ಎಂಬ ಪದ ಕಂಡರೆ ಈಗಲೂ ಮೈ ಉರಿಯುತ್ತದೆ.

ಇನ್ನೊಂದು, ಇವರ ಮನೆಯಲ್ಲಿ ಬೆಕ್ಕಿನ ಮರಿ ಇದೆ ಎಂದು ಬರೆದಿದ್ದಾರೆ. ಯಾರ ಕಣ್ಣಿಗೂ ಬೀಳಲಿಲ್ಲವೇ? ಇಂತಹ ಎಣ್ಣೆಗಳು ಬೆಕ್ಕಿಗೆ ನಾಯಿಗಿಂತ ಕೇಡು. ಉಣುಗು ಕೊಲ್ಲಲು ನಾಯಿಯ ಬೆನ್ನಿಗೆ ಬಿಡುವ ಪರ್ಮೆತ್ರಿನ್ ಹನಿ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ನಾಯಿಯ ಮೈ ನೆಕ್ಕಿದರೂ ಅಪಾಯ.

ಹಳೆಕೈ: ಪರ್ಮೆತ್ರಿನ್ ಸೇವಂತಿಗೆ ಜಾತಿಯ ಹೂವಿನಿಂದ ಬಂದದ್ದು.

ಏಳು ಹನಿ: ಹೂವಿನದು ಪೈರೆತ್ರಿನ್. ಇದು ಅದನ್ನು ನೋಡಿಕೊಂಡು ಕಾರ್ಖಾನೆಯಲ್ಲಿ ಮಾಡಿದ್ದು. ಹೂವಿನದಾದರೂ ಬೆಕ್ಕಿಗೆ ತೊಂದರೆಯೇ. ಹೂವಿಗೆ ನಿಮ್ಮ ಬೆಕ್ಕಿನ ಪರಿಚಯವಿಲ್ಲ.

ಬೂದಿಯ ಮನೆಯವರು: ಎಲ್ಲರಿಗೂ ಧನ್ಯವಾದ. ಬೂದಿಯ ಕೂದಲಿನಿಂದ ಉದುರಿದ ಕರಿಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ನೋಡಿದೆ, ಕೆಂಪಾಗಿ ಹರಡಿತು. ಚಿಗಟದ್ದೇ ಹಿಕ್ಕೆ, ಹೀರಿದ ರಕ್ತದ ಬಣ್ಣ. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿದೆ, ಹೇನಿನ ಬಾಚಣಿಗೆ ತಂದಿದ್ದೇನೆ, ಔಷಧದ ಬಗ್ಗೆ ನಾಳೆ ಪಶುವೈದ್ಯರನ್ನು ಕೇಳುತ್ತೇನೆ. ಎಣ್ಣೆ ಸದ್ಯಕ್ಕೆ ಬೇಡ ಎಂದುಕೊಂಡೆ.

ಬೇವಿನಮರ: ನಿಮ್ಮಿಷ್ಟ. ಮೇಲೆ ಹನ್ನೊಂದು ಸೀಸೆ ಎಂದು ಬರೆದಿದ್ದೆ, ಲೆಕ್ಕ ಮತ್ತೆ ನೋಡಿದೆ, ಹನ್ನೆರಡು.

ಪೊರಕೆ: ಸೋಫಾದ ಮೇಲೆ ಚೆಲ್ಲಿದ್ದನ್ನೂ ಸೇರಿಸಿಯೋ, ಬಿಟ್ಟೋ?