ಸಹಾಯ ಬೇಕು: ಡಯಾಲಿಸಿಸ್ ವೇಳೆ ಅಪ್ಪನ ಬಿಪಿ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪನಿಗೆ 67 ವರ್ಷ, ಹೃದಯದ ಪಂಪಿಂಗ್ 35 ಪರ್ಸೆಂಟ್ ಮಾತ್ರ. ಮೂರು ತಿಂಗಳಿಂದ ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ.

ಮೂರನೇ ಗಂಟೆಗೆ ಬಿಪಿಯ ಮೇಲಿನ ಅಂಕಿಯೇ 80ಕ್ಕೆ ಇಳಿಯುತ್ತದೆ. ಮೈಯೆಲ್ಲ ಬೆವರು, ಕಾಲು ಹಿಡಿದುಕೊಳ್ಳುತ್ತದೆ. ಮೊನ್ನೆ ನನ್ನ ಕೈ ಹಿಡಿದು "ಸಾಕು ಮಗಾ, ಮನೆಗೆ ಹೋಗೋಣ" ಅಂದರು. ಮೆಷಿನ್ ರಕ್ತದಿಂದ ನೀರು ತೆಗೆಯುವಷ್ಟು ಬೇಗ ಮೈಯೊಳಗಿನ ನೀರು ರಕ್ತಕ್ಕೆ ಬಂದು ಸೇರುವುದಿಲ್ಲವಂತೆ. ಸೋತ ಹೃದಯಕ್ಕೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ ಎಂದರು ಡಾಕ್ಟರ್. ನೀರು, ಉಪ್ಪು ಎರಡೂ ಕಡಿಮೆ ಮಾಡಿದ್ದೇವೆ. ಈ ಮಳೆಯಲ್ಲಿ ಬಿಸಿ ಸಾರು ಜಾಸ್ತಿ ಕೇಳುತ್ತಾರೆ, ಇಲ್ಲ ಅನ್ನಲು ಸಂಕಟ.

ಯಾರ ಮನೆಯಲ್ಲಾದರೂ ಹೀಗೆ ಆಗಿದೆಯಾ? ಹೊತ್ತು ಹೆಚ್ಚಿಸಿ ನಿಧಾನವಾಗಿ ನೀರು ತೆಗೆಸಿದ್ದು, ಡಯಾಲಿಸಿಸ್ ದ್ರವದ ಬಿಸಿ ಸ್ವಲ್ಪ ಇಳಿಸಿದ್ದು ಉಪಯೋಗ ಆಯಿತಾ? ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ಗೆ ಬದಲಾದವರು ದಯವಿಟ್ಟು ಹೇಳಿ. ಠಾಣೆ, ಮುಲುಂಡ್ ಕಡೆ ಕಿಡ್ನಿ ಡಾಕ್ಟರು, ಹೃದಯದ ಡಾಕ್ಟರು ಇಬ್ಬರೂ ಕೂಡಿ ನೋಡುವ ಆಸ್ಪತ್ರೆ ಗೊತ್ತಿದ್ದರೂ ತಿಳಿಸಿ. ಮುಂದಿನ ಡಯಾಲಿಸಿಸ್ ಗುರುವಾರ ಇದೆ.