ಆನ್‌ಲೈನ್ ಪದವಿಗೆ ಸೇರುವ ಮುಂಚೆ: ವಿಶ್ವವಿದ್ಯಾಲಯದ ಸಲಹೆಗಾರರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಶಿಕ್ಷಣ ವಿಭಾಗದಲ್ಲಿ ವಿದ್ಯಾರ್ಥಿ ಸಲಹೆಗಾರರಾಗಿರುವ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಕೇಳೋ ಮುಂಚೆ ಮೇಲಿನ ಉತ್ತರಗಳನ್ನ ಓದಿ. ಫಾರ್ವರ್ಡ್ ಹಾಕಬೇಡಿ.

ಬೆಂಗ್ಳೂರ್ ಟೆಕ್ಕಿ: ಮೇಡಂ ನಮಸ್ತೆ. ಕೆಲಸದ ಜೊತೆ ಆನ್‌ಲೈನ್ ಎಂಬಿಎ ಮಾಡ್ಬೇಕು ಅಂತಿದೀನಿ. ವಾರಕ್ಕೆ 2 ಗಂಟೆ ಕೊಟ್ರೆ ಸಾಕು ಅಂತ ಜಾಹೀರಾತಲ್ಲಿ ನೋಡಿದೆ. ನಿಜಾನಾ?

ಸಲಹೆಗಾರರು: ನಮಸ್ತೆ. ಸಾಕಾಗಲ್ಲ. ಅವರು ಹೇಳ್ತಿರೋದು ಲೈವ್ ಕ್ಲಾಸಿನ ಹೊತ್ತು ಮಾತ್ರ. ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು. 4 ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ, ಸೆಮಿಸ್ಟರ್‌ಗೆ ಅಂಥ 5 ಪತ್ರಿಕೆ ಇದ್ದರೆ 600 ಗಂಟೆ. 24 ವಾರಕ್ಕೆ ಹಂಚಿದರೆ ವಾರಕ್ಕೆ 25. ವಿಷಯ ಮೊದಲೇ ಗೊತ್ತಿರುವವರು ಇದರ ಅರ್ಧದಲ್ಲಿ ಮುಗಿಸಬಹುದು. ಲೆಕ್ಕಶಾಸ್ತ್ರದ ಗಂಧವೇ ಇಲ್ಲದವರು ಅಕೌಂಟಿಂಗ್ ಪತ್ರಿಕೆ ಅರ್ಧದಲ್ಲಿ ಮುಗಿಸೋಕಾಗಲ್ಲ.

ಕಲಿಕೆ ನಾಲ್ಕು ಭಾಗದಲ್ಲಿ ಇರುತ್ತೆ: ವಿಡಿಯೋ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಮೌಲ್ಯಮಾಪನ. ಆಂತರಿಕ ಅಂಕ ಹೆಚ್ಚೆಂದರೆ ಶೇ. 30, ಉಳಿದದ್ದೆಲ್ಲ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಚಟುವಟಿಕೆಗಳಲ್ಲಿ ಶೇ. 75 ಭಾಗವಹಿಸದಿದ್ದರೆ ಆ ಪರೀಕ್ಷೆಗೆ ಕೂರೋ ಅರ್ಹತೆನೇ ಬರಲ್ಲ. ಸಾಮಾನ್ಯವಾಗಿ ಜನ ಎಡವೋದು ಐದನೇ, ಆರನೇ ವಾರದಲ್ಲಿ. ಮೊದಲ ತಿಂಗಳ ವಿಡಿಯೋ ಬಾಕಿ ಉಳಿದಿರುತ್ತೆ, ಅಷ್ಟರಲ್ಲಿ ಐದೂ ಪತ್ರಿಕೆಯ ಮೊದಲ ಅಸೈನ್‌ಮೆಂಟ್ ಒಟ್ಟಿಗೆ ಬಂದು ಬೀಳುತ್ತೆ. ಸೇರಿದ ದಿನವೇ ಐದೂ ಕೊನೇ ದಿನಾಂಕವನ್ನ ಕ್ಯಾಲೆಂಡರ್‌ನಲ್ಲಿ ಒಂದು ವಾರ ಮುಂಚಿತವಾಗಿ ಗುರುತು ಹಾಕಿಕೊಳ್ಳಿ.

ರಾಯಚೂರು ರೈಡರ್: ಮೇಡಂ, ಆನ್‌ಲೈನ್ ಡಿಗ್ರಿ ಕೆಪಿಎಸ್‌ಸಿ ಪರೀಕ್ಷೆಗೆ ನಡೀತದಾ?

ಸಲಹೆಗಾರರು: ನಡೆಯುತ್ತೆ, ವಿಶ್ವವಿದ್ಯಾಲಯಕ್ಕೆ ಆ ಕೋರ್ಸನ್ನು ಆ ವರ್ಷ ನಡೆಸೋ ಮಾನ್ಯತೆ ಇದ್ದರೆ. ಮಾನ್ಯತೆ ಇರುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೂ ಹುದ್ದೆಯ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಕಲಂ ಪೂರ್ತಿ ಓದಿ.

ತುಮಕೂರು ತೇಜು: *ಫಾರ್ವರ್ಡ್ ಮಾಡಲಾಗಿದೆ* 🔴ಆನ್‌ಲೈನ್ ವಿದ್ಯಾರ್ಥಿಗಳಿಗೆ ಸಿಹಿ ಸುದ್ದಿ🔴 ರಾತ್ರಿ ಮಲಗುವಾಗ ಪಾಠದ ವಿಡಿಯೋ ಮ್ಯೂಟ್ ಮಾಡಿ ಎರಡು ಪಟ್ಟು ವೇಗದಲ್ಲಿ ಓಡಲು ಬಿಡಿ. ಬೆಳಗಾಗುವಷ್ಟರಲ್ಲಿ 75% ಹಾಜರಾತಿ ಪೂರ್ತಿ. 10 ಜನರಿಗೆ ಕಳಿಸಿ.

ಸಲಹೆಗಾರರು: ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಭಾಗವಹಿಸುವಿಕೆ ಅಂದ್ರೆ ವಿಡಿಯೋ ಓಡಿದ ನಿಮಿಷ ಮಾತ್ರ ಅಲ್ಲ. ಕ್ವಿಜ್, ಚರ್ಚೆ, ಅಸೈನ್‌ಮೆಂಟ್ ಎಲ್ಲಾ ಸೇರಿ ಲೆಕ್ಕ. ಪೋರ್ಟಲ್‌ನಲ್ಲಿ ಲಾಗಿನ್ ಆದ ಹೊತ್ತು, ಯಾವ ಪುಟ ಎಷ್ಟು ಹೊತ್ತು ತೆರೆದಿತ್ತು ಅನ್ನೋದು ದಾಖಲಾಗುತ್ತೆ. ಕೆಲವು ಕಡೆ ವಿಡಿಯೋ ಮಧ್ಯೆ ಪ್ರಶ್ನೆ ಬಂದು ನಿಲ್ಲುತ್ತೆ, ಉತ್ತರ ಕೊಡದೆ ಮುಂದಕ್ಕೆ ಹೋಗಲ್ಲ. ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ 14 ಪಾಠ, ಒಂದೂ ಕ್ವಿಜ್ ಇಲ್ಲ ಅಂತ ದಾಖಲೆ ತೋರಿಸಿದರೆ ಹಾಲ್ ಟಿಕೆಟ್ ತಡೆ ಹಿಡೀತಾರೆ.

ಶಿರಸಿಯ ಓದುಗಿ: ಮೇಡಂ, ತಂಗಿ ವಿಷಯ. ಆನ್‌ಲೈನ್ ಬಿ.ಕಾಂ.ಗೆ ಪೇಟೆಯ ಒಂದು 'ಅಧ್ಯಯನ ಕೇಂದ್ರ'ದ ಮೂಲಕ ಸೇರಿದಾಳೆ. ₹18,000 ಆ ಕೇಂದ್ರದವರ ಮೊಬೈಲ್ ನಂಬರಿಗೆ ಕಳಿಸಿದ್ವಿ. ಎರಡು ತಿಂಗಳಾಯ್ತು, ನೋಂದಣಿ ಸಂಖ್ಯೆ ಬಂದಿಲ್ಲ. ಡಿಇಬಿ ಐಡಿ (ಪ್ರವೇಶಕ್ಕೆ ಬೇಕಾದ ಯುಜಿಸಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಕೇಳಿದ್ರೆ "ಅದೆಲ್ಲ ನಾವೇ ಮಾಡ್ತೇವೆ" ಅಂತಾರೆ. ಅಸೈನ್‌ಮೆಂಟೂ ಅವರೇ ಬರೀತಾರಂತೆ, ಪರೀಕ್ಷೆಗೆ ಅವರ ಕೇಂದ್ರಕ್ಕೇ ಬಂದ್ರೆ ಸಾಕಂತೆ. ಈಗ ಎರಡನೇ ಕಂತು ಕೇಳ್ತಿದಾರೆ. ಕೊಡೋದಾ?

ಸಲಹೆಗಾರರು: ಕೊಡಬೇಡಿ. ಉಳಿದವರು ಐದು ನಿಮಿಷ ತಡೀರಿ, ಇದಕ್ಕೆ ಪೂರ್ತಿ ಉತ್ತರ ಬರೀಬೇಕು.

ಮೊದಲನೇದಾಗಿ, ಅಧ್ಯಯನ ಕೇಂದ್ರ ಇರೋದು ದೂರಶಿಕ್ಷಣಕ್ಕೆ. ಆನ್‌ಲೈನ್ ಕೋರ್ಸನ್ನು ವಿಶ್ವವಿದ್ಯಾಲಯ ತಾನೇ ನಡೆಸಬೇಕು, ಫ್ರಾಂಚೈಸಿ ಕೊಡೋ ಹಾಗಿಲ್ಲ. ಎರಡರಲ್ಲಿ ಒಂದು: ಅದು ಆನ್‌ಲೈನ್ ಕೋರ್ಸೇ ಅಲ್ಲ, ಇಲ್ಲಾ ಅವರಿಗೆ ಅದನ್ನು ಮಾರೋ ಅಧಿಕಾರ ಇಲ್ಲ.

ಯುಜಿಸಿಯ ದೂರಶಿಕ್ಷಣ ವಿಭಾಗಕ್ಕೆ (ಅದೇ ಡಿಇಬಿ) ಜಾಲತಾಣ ಇದೆ. ಅಲ್ಲಿ ವರ್ಷವಾರು ಪಟ್ಟಿ ಹಾಕಿರ್ತಾರೆ. ವಿಶ್ವವಿದ್ಯಾಲಯದ ಹೆಸರು ಸಿಕ್ಕ ತಕ್ಷಣ ಪುಟ ಮುಚ್ಚಬೇಡಿ, ಹೆಚ್ಚಿನವರು ಅಲ್ಲೇ ಮೋಸ ಹೋಗೋದು. ಕೋರ್ಸಿನ ಹೆಸರಲ್ಲಿ ಬಿ.ಕಾಂ. ಇದೆಯಾ, ವಿಧಾನದಲ್ಲಿ ಆನ್‌ಲೈನ್ ಅಂತಲೇ ಇದೆಯಾ, ತಂಗಿ ಸೇರಿದ ಸೆಷನ್‌ಗೆ ಮಾನ್ಯತೆ ಇದೆಯಾ, ಮೂರನ್ನೂ ನೋಡಿ. ಒಂದೇ ವಿಶ್ವವಿದ್ಯಾಲಯಕ್ಕೆ ಬಿ.ಎ.ಗೆ ಮಾನ್ಯತೆ ಇದ್ದು ಬಿ.ಕಾಂ.ಗೆ ಇಲ್ಲದಿರಬಹುದು. ದೂರಶಿಕ್ಷಣಕ್ಕೆ ಇದ್ದು ಆನ್‌ಲೈನ್‌ಗೆ ಇಲ್ಲದಿರಬಹುದು.

ಡಿಇಬಿ ಐಡಿ 2024ರ ಸೆಪ್ಟೆಂಬರ್ ಸೆಷನ್‌ನಿಂದ ಕಡ್ಡಾಯ. ಅದನ್ನು ವಿದ್ಯಾರ್ಥಿನೇ ಮಾಡ್ಕೋಬೇಕು. ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಕ್ರೆಡಿಟ್‌ಗಳನ್ನ ಕೂಡಿಡೋ ಖಾತೆಯ ಸಂಖ್ಯೆ) ಮೊದಲು, ಆಮೇಲೆ ಡಿಇಬಿ ಜಾಲತಾಣದಲ್ಲಿ ಡಿಇಬಿ ಐಡಿ. ಒಟಿಪಿ ಬರೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ತಂಗಿ ಒಟಿಪಿ ಕೊಟ್ಟಿಲ್ಲದಿದ್ದರೆ ಐಡಿ ಆಗಿರೋ ಸಾಧ್ಯತೆ ಇಲ್ಲ, ಅಂದ್ರೆ ಪ್ರವೇಶವೂ ಆಗಿರಲ್ಲ. ಮಾಡುವಾಗ ಹೆಸರು ನೋಡ್ಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದ್ದು, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರೋದು ನಮ್ಮ ಕಡೆ ಮಾಮೂಲು. ಐಡಿ ಆಧಾರ್ ಹೆಸರಲ್ಲಿ ಆಗುತ್ತೆ, ಅಂಕಪಟ್ಟಿಗೆ ಹೊಂದದಿದ್ದರೆ ವಿಶ್ವವಿದ್ಯಾಲಯದವರು ಅರ್ಜಿ ವಾಪಸ್ ಕಳಿಸ್ತಾರೆ. ಮೊದಲು ಆಧಾರ್ ತಿದ್ದಿಸಿ.

ಇವತ್ತೇ ಮಾಡಬೇಕಾದ್ದು ಇನ್ನೊಂದಿದೆ. ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲಿರೋ ಪ್ರವೇಶ ವಿಭಾಗದ ವಿಳಾಸಕ್ಕೆ ಇಮೇಲ್ ಹಾಕಿ. ತಂಗಿಯ ಹೆಸರು, ಜನ್ಮದಿನಾಂಕ, ದುಡ್ಡು ಕಳಿಸಿದ ದಿನ, ವಹಿವಾಟು ಸಂಖ್ಯೆ ಬರೆದು "ಈ ಹೆಸರಲ್ಲಿ ಪ್ರವೇಶ ಆಗಿದೆಯೇ, ಈ ಕೇಂದ್ರಕ್ಕೆ ನಿಮ್ಮ ಅನುಮತಿ ಇದೆಯೇ" ಅಂತ ಎರಡೇ ಸಾಲು ಕೇಳಿ. ಫೋನ್‌ನಲ್ಲಿ ಕೇಳಬೇಡಿ. ಆಮೇಲೆ ದೂರು ಕೊಡಬೇಕಾಗಿ ಬಂದರೆ ಆ ಲಿಖಿತ ಉತ್ತರವೇ ಆಧಾರ.

ಕೊನೇದು: ಮೂಲ ಅಂಕಪಟ್ಟಿ ಯಾರ ಹತ್ರ ಇದೆ?

ಶಿರಸಿಯ ಓದುಗಿ: ಅವರ ಹತ್ರಾನೇ ಇದೆ ಮೇಡಂ. ವೆರಿಫಿಕೇಷನ್‌ಗೆ ಬೇಕು ಅಂತ ಇಸ್ಕೊಂಡ್ರು. ಹೆಸರೂ ನೀವು ಹೇಳಿದ ಹಾಗೇ ಬೇರೆ ಬೇರೆ ಇದೆ.

ಸಲಹೆಗಾರರು: ಹಾಗಾದರೆ ದುಡ್ಡಿನ ಮಾತು ಈಗ ಎತ್ತಬೇಡಿ. ಮೊದಲು ಅಂಕಪಟ್ಟಿ ಕೈಗೆ ಬರಲಿ. ಆಧಾರ್ ಹೆಸರು ತಿದ್ದಿಸೋಕೆ ಮೂಲ ಅಂಕಪಟ್ಟಿ ಬೇಕು ಅಂತ ಕೇಳಿ, ಅದು ನಿಜವೂ ಹೌದು. ಅದು ಬಂದಮೇಲೆ ರಸೀದಿ ಮತ್ತು ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟು ದುಡ್ಡು ವಾಪಸ್ ಕೇಳಿ. ಅಂಕಪಟ್ಟಿ ಕೊಡದಿದ್ದರೆ ಠಾಣೆಗೆ ಲಿಖಿತ ದೂರು.

ದುಬೈ ಕನ್ನಡಿಗ: ಮೇಡಂ, ದುಬೈನಿಂದ ಪರೀಕ್ಷೆ ಬರೆಯಬಹುದಾ? ಪದವಿ ಇಲ್ಲಿ ಅಟೆಸ್ಟೇಷನ್ ಆಗುತ್ತಾ?

ನಿವೃತ್ತ ಮೇಷ್ಟ್ರು: ಇದಕ್ಕೇ ಹೇಳೋದು, ಪದವಿ ಅಂದರೆ ಕಾಲೇಜಿಗೆ ಹೋಗಿಯೇ ಓದಬೇಕು. ಮನೆಯಲ್ಲಿ ಕೂತು ಪಡೆದದ್ದು ಪದವಿಯಲ್ಲ.

ಹುಬ್ಬಳ್ಳಿ ಹುಡುಗ: ಏನ್ರೀ ಸರ್, ಮುಂಜಾನೆ ಎಂಟರಿಂದ ರಾತ್ರಿ ಎಂಟರ ತನಕ ಅಂಗಡ್ಯಾಗ ನಿಂತಾವ ಕಾಲೇಜಿಗೆ ಹ್ಯಾಂಗ್ ಹೋಗ್ಬೇಕ್ರಿ? ನಮ್ಮಂಥವ್ರು ಓದಬಾರದೇನ್ರಿ?

ನಿವೃತ್ತ ಮೇಷ್ಟ್ರು: ಓದಬೇಡಿ ಅಂದೆನಾ? ಸಂಜೆ ಕಾಲೇಜುಗಳಿವೆ.

ಹುಬ್ಬಳ್ಳಿ ಹುಡುಗ: ಸಂಜಿ ಕಾಲೇಜು ಆರಕ್ಕ ಚಾಲೂ ಆಗ್ತದ್ರಿ. ನಾ ಎಂಟಕ್ಕ ಬಿಡ್ತೀನಿ. ಲೆಕ್ಕ ನೀವ ಮಾಡ್ರಿ.

ಮಂಡ್ಯದ ಗೌಡ: ಮುಕ್ತ ವಿವಿ ಡಿಗ್ರಿ ಇಟ್ಕೊಂಡು ಎಷ್ಟು ಜನ ಒದ್ದಾಡುದ್ರು ಗೊತ್ತಾ? ಯಾವ್ದೂ ನಂಬಂಗಿಲ್ಲ.

ಮೈಸೂರು ಎಂ.ಎ.: ಗೌಡ್ರೇ, ಮೈಸೂರಿನ ಮುಕ್ತ ವಿವಿಗೆ ಮಾನ್ಯತೆ ಇಲ್ಲದೇ ಇದ್ದದ್ದು 2013–14ರಿಂದ 2017–18ರವರೆಗೆ. 2018–19ರಿಂದ ಮರಳಿ ಸಿಕ್ಕಿದೆ. ಹಳೇ ಕಥೆ ಹೇಳಿ ಈಗ ಓದ್ತಿರೋರನ್ನ ಹೆದರಿಸ್ಬೇಡಿ.

ಮಂಡ್ಯದ ಗೌಡ: ಹೆದ್ರುಸ್ತಾ ಇಲ್ಲ, ಅನುಭವುಸ್ದೋರ್ನ ಕೇಳಿ.

ಸಲಹೆಗಾರರು: ಇಬ್ಬರ ಮಾತೂ ಸರಿ. ಅದಕ್ಕೇ ಸೆಷನ್ ನೋಡಿ ಅಂತ ಮೇಲೆ ಬರೆದದ್ದು. ಮಾನ್ಯತೆ ವಿಶ್ವವಿದ್ಯಾಲಯಕ್ಕೆ ಕಾಯಂ ಸಿಗೋ ಪದಕ ಅಲ್ಲ. ನೀವು ಸೇರಿದ ವರ್ಷ, ನೀವು ಸೇರಿದ ಕೋರ್ಸಿಗೆ ಇತ್ತಾ ಅನ್ನೋದೇ ಪ್ರಶ್ನೆ. ಸೇರುವ ದಿನ ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ಕೋಲಾರ ಕವಿತಾ: ಆನ್‌ಲೈನ್ ಬಿ.ಇಡಿ., ಎಲ್‌ಎಲ್‌ಬಿ ಇದ್ಯಾ ಮೇಡಂ? ಮತ್ತೆ ಎಂ.ಎಸ್ಸಿ. ಸೈಕಾಲಜಿ?

ಸಲಹೆಗಾರರು: ಪೂರ್ತಿ ಆನ್‌ಲೈನ್ ಬಿ.ಇಡಿ.ಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿ ಕೋರ್ಸ್‌ಗಳ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇಲ್ಲ. ಎಲ್‌ಎಲ್‌ಬಿ ಇಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಪಿಎಚ್.ಡಿ. ಕೂಡ ಇಲ್ಲ. ಸೈಕಾಲಜಿ, ಆಹಾರ ಮತ್ತು ಪೌಷ್ಟಿಕತೆ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಮುಂತಾದವಕ್ಕೆ 2025ರ ಜುಲೈ–ಆಗಸ್ಟ್ ಸೆಷನ್‌ನಿಂದ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಹೊಸ ಪ್ರವೇಶ ನಿಲ್ಲಿಸಿದಾರೆ. ಬಿ.ಎ.ಯಲ್ಲಿ ಸೈಕಾಲಜಿ ಒಂದು ಆಯ್ಕೆ ಆಗಿದ್ದರೆ ಆ ಆಯ್ಕೆ ಮಾತ್ರ ಹೋಗುತ್ತೆ, ಬಿ.ಎ. ಹೋಗಲ್ಲ.

ಗದಗ ಗಿರೀಶ: ಕೆಪಿಎಸ್‌ಸಿಗೆ ಆನ್‌ಲೈನ್ ಡಿಗ್ರಿ ನಡೀತದೇನ್ರಿ?

ಸಲಹೆಗಾರರು: ಮೇಲೆ ಉತ್ತರ ಇದೆ.

ಹುಬ್ಬಳ್ಳಿ ಹುಡುಗ: ಮೇಡಂ, ಮನ್ಯಾಗ ಕುಂತು ಪರೀಕ್ಷಾ ಬರೀಬೇಕಾದ್ರ ಕರೆಂಟ್ ಹ್ವಾದ್ರ ಏನ್ ಮಾಡ್ಬೇಕ್ರಿ? ನಮ್ಮ ಓಣ್ಯಾಗ ಯಾವಾಗ ಹೋಗ್ತದ ಹೇಳಾಕ ಆಗಂಗಿಲ್ಲ.

ಸಲಹೆಗಾರರು: ಒಳ್ಳೇ ಪ್ರಶ್ನೆ. ಮೊದಲು ನಿಮ್ಮ ಕೋರ್ಸಿನ ಪರೀಕ್ಷೆ ಮನೆಯಿಂದಲಾ, ಕೇಂದ್ರಕ್ಕೆ ಹೋಗಿ ಬರೆಯೋದಾ ಅಂತ ಸೇರುವ ಮುಂಚೆಯೇ ಕೇಳಿ. ಎರಡೂ ಪದ್ಧತಿ ಇದೆ. ಮನೆಯಿಂದ ಅಂದ್ರೆ ಕ್ಯಾಮೆರಾ ಕಾವಲಿನ ಪ್ರಾಕ್ಟರ್ಡ್ ಪರೀಕ್ಷೆ. ಅದಕ್ಕೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಮೇಲು, ಬ್ಯಾಟರಿ ಕನಿಷ್ಠ ಮೂರು ಗಂಟೆ ಬರಬೇಕು. ಕರೆಂಟ್ ಹೋದರೆ ರೂಟರ್ ಸಾಯುತ್ತೆ, ಲ್ಯಾಪ್‌ಟಾಪ್ ಅಲ್ಲ. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿ, ಇಲ್ಲಾ ಬೇರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್ ಮೊದಲೇ ಜೋಡಿಸಿಟ್ಟಿರಿ. ಆ ಮೊಬೈಲ್ ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಪಕ್ಕದ ಕೋಣೆಯಲ್ಲಿರಲಿ.

ಅಣಕು ಪರೀಕ್ಷೆಯನ್ನ ಅದೇ ಲ್ಯಾಪ್‌ಟಾಪ್, ಅದೇ ಜಾಗ, ಅದೇ ಹೊತ್ತಲ್ಲಿ ಬರೀರಿ. ದೂರದಿಂದ ಕಂಪ್ಯೂಟರ್ ನಡೆಸೋ ಎನಿಡೆಸ್ಕ್, ಟೀಮ್‌ವ್ಯೂವರ್ ಇದ್ದರೆ ತೆಗೆದುಹಾಕಿ, ಹಿನ್ನೆಲೆಯಲ್ಲಿ ಓಡ್ತಿದ್ರೂ ಸಾಫ್ಟ್‌ವೇರ್ ತಡೆಯುತ್ತೆ. ವಿಂಡೋಸ್ ಅಪ್‌ಡೇಟ್ ಹಿಂದಿನ ದಿನವೇ ಮುಗಿಸಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತೆ, 'ಮುಖ ಪತ್ತೆಯಾಗಿಲ್ಲ' ಅಂತ ಎಚ್ಚರಿಕೆ ಬರುತ್ತೆ. ಪ್ರಶ್ನೆಯನ್ನ ಬಾಯಲ್ಲಿ ಓದ್ಕೊಳ್ಳೋ ಅಭ್ಯಾಸ ಇದ್ದರೆ ಬಿಡಿ, ಮೈಕ್ ಅದನ್ನ ಯಾರ ಜೊತೆಗೋ ಮಾತಾಡಿದ ಹಾಗೆ ದಾಖಲಿಸುತ್ತೆ. ಸಂಪರ್ಕ ತಪ್ಪಿದರೆ ವಿಂಡೋ ಮುಚ್ಚಬೇಡಿ, ಮರುಜೋಡಣೆ ಆಗಲಿ. ಆಗದಿದ್ದರೆ ಪರದೆಯನ್ನ ಗಡಿಯಾರದ ಸಮೇತ ಫೋಟೋ ತೆಗೆದು ಅದೇ ದಿನ ಸಹಾಯವಾಣಿಗೆ ಇಮೇಲ್ ಹಾಕಿ. ಮಾರನೇ ವಾರ ಬರೆದವರಿಗೆ ಮರುಪರೀಕ್ಷೆ ಸಿಗೋದು ಕಷ್ಟ.

ತುಮಕೂರು ತೇಜು: ಮೇಡಂ ಇದು ನೋಡಿ: *ಫಾರ್ವರ್ಡ್ ಮಾಡಲಾಗಿದೆ* ಎಲ್ಲಾ ಅಸೈನ್‌ಮೆಂಟ್ ಉತ್ತರಗಳು ಪಿಡಿಎಫ್ ₹99 ಮಾತ್ರ, ಟೆಲಿಗ್ರಾಂ ಗುಂಪಿಗೆ ಸೇರಿ.

ಸಲಹೆಗಾರರು: ತೇಜು ಅವರೇ, ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದಾರೆ. ಇಂಥ ಪಿಡಿಎಫ್‌ಗಳಲ್ಲಿ ಸಿಗೋದು ಬಹುಪಾಲು ಹಳೇ ಸೆಷನ್ ಪ್ರಶ್ನೆಗಳ ಉತ್ತರ. ಇಂದಿರಾ ಗಾಂಧಿ ಮುಕ್ತ ವಿವಿ ಇಗ್ನೋದಂಥ ಕಡೆ ಅಸೈನ್‌ಮೆಂಟ್ ಪ್ರಶ್ನೆ ಸೆಷನ್‌ಗೆ ತಕ್ಕಂತೆ ಬದಲಾಗುತ್ತೆ. ಹಳೇದಕ್ಕೆ ಉತ್ತರ ಬರೆದುಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಪ್ರಶ್ನೆ ಅದೇ ಇದ್ದರೂ ನೂರು ಜನ ಒಂದೇ ಉತ್ತರ ಕೊಟ್ಟರೆ ಹೋಲಿಕೆ ಪರೀಕ್ಷೆಯಲ್ಲಿ ಸಿಕ್ಕಿಬೀಳ್ತಾರೆ. ₹99ರ ಜೊತೆ ಆಂತರಿಕ ಅಂಕವೂ ಹೋಗುತ್ತೆ.

ತುಮಕೂರು ತೇಜು: ಸಹಾಯ ಆಗ್ಲಿ ಅಂತ ಹಾಕಿದೆ. ಅಷ್ಟು ರೇಗೋದ್ಯಾಕೆ?

ಮೈಸೂರು ಎಂ.ಎ.: ಸಹಾಯ ಅಲ್ಲ ಅದು, ವ್ಯಾಪಾರ. ಸಾಕು ಮಾಡಿ.

ಬೀದರ್ ಬಿಎಸ್ಸಿ: ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸ್ ಮಾಡಿದ್ರ ಡಿಗ್ರಿ ಸಿಗ್ತದಾ?

ಸಲಹೆಗಾರರು: ಪದವಿ ಸಿಗಲ್ಲ, ಪ್ರಮಾಣಪತ್ರ ಸಿಗುತ್ತೆ. ನಿಮ್ಮ ಕಾಲೇಜು ಒಪ್ಪಿದರೆ ಕ್ರೆಡಿಟ್ ವರ್ಗಾಯಿಸಬಹುದು. ಈ ಕೋರ್ಸ್‌ಗಳಿರೋ ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದ ನಿಯಮದ ಪ್ರಕಾರ ಸೆಮಿಸ್ಟರ್‌ನ ಶೇ. 40ರವರೆಗೆ. ಕಲಿಯೋಕೆ ದುಡ್ಡಿಲ್ಲ, ಪರೀಕ್ಷೆಗೆ ಶುಲ್ಕ ಇದೆ, ಕೇಂದ್ರಕ್ಕೆ ಹೋಗಿಯೇ ಬರೀಬೇಕು. 12 ವಾರದ ಕೋರ್ಸಿಗೆ ಒಳ್ಳೇ ಅಂಕ ಬಂದ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25, ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30, ಎರಡೂ ಬೇಕು. ಒಟ್ಟು 40 ಬಂದರೆ ಸಾಕು ಅನ್ನೋದು ತಪ್ಪು.

ಹಾಸನ ಹರ್ಷ: ರೆಗ್ಯುಲರ್ ಬಿ.ಎಸ್ಸಿ. ಜೊತೆ ಆನ್‌ಲೈನ್ ಬಿ.ಎ. ಒಟ್ಟಿಗೆ ಮಾಡಬಹುದಾ?

ಸಲಹೆಗಾರರು: ಮಾಡಬಹುದು. ಯುಜಿಸಿ 2022ರಿಂದ ಅವಕಾಶ ಕೊಟ್ಟಿದೆ. ಎರಡರ ಪರೀಕ್ಷಾ ದಿನಾಂಕ ಹೊಡೆದುಕೊಂಡರೆ ಯಾರೂ ಬದಲಾಯಿಸಿ ಕೊಡಲ್ಲ.

ದುಬೈ ಕನ್ನಡಿಗ: ನನ್ನ ಪ್ರಶ್ನೆ ಬಿಟ್ಟುಹೋಗಿದೆ ಮೇಡಂ.

ಬಳ್ಳಾರಿ ಬಿ.ಕಾಂ.: ಕೆಪಿಎಸ್‌ಸಿಗೆ ಆಗುತ್ತಾ?

ಸಲಹೆಗಾರರು: ಮೂರನೇ ಸಲ. ಮೇಲೆ ಹೋಗಿ ಓದಿ.

ನಿವೃತ್ತ ಮೇಷ್ಟ್ರು: ನೋಡಿದ್ರಾ, ಹತ್ತು ಸಾಲು ಮೇಲೆ ಓದೋ ತಾಳ್ಮೆ ಇಲ್ಲದವರು ಮನೆಯಲ್ಲಿ ಕೂತು ಪದವಿ ಓದ್ತಾರಂತೆ.

ಹುಬ್ಬಳ್ಳಿ ಹುಡುಗ: ಮತ್ತ ಸುರು ಮಾಡಿದ್ರಿ ನೀವು. ಒಬ್ಬಾಂವ ಓದ್ಲಿಲ್ಲ ಅಂದ್ರ ಎಲ್ಲಾರಿಗೂ ಅಂತೀರೇನ್ರಿ?

ಅಡ್ಮಿನ್: ಇಬ್ರೂ ನಿಲ್ಸಿ. ಮುಂದುವರಿಸಿದ್ರೆ ಗುಂಪಿಂದ ತೆಗೀಬೇಕಾಗುತ್ತೆ.

ಶಿರಸಿಯ ಓದುಗಿ: ಮೇಡಂ, ಅರ್ಜೆಂಟ್. ಅಂಕಪಟ್ಟಿ ನಾಳೆ ಕೊಡ್ತೇವೆ ಅಂದ್ರು. ಈಗ ಫೋನ್ ಮಾಡಿ ತಂಗಿ ಮೊಬೈಲಿಗೆ ಬರೋ ಒಟಿಪಿ ಹೇಳಿ, ಈಗ್ಲೇ ಡಿಇಬಿ ಐಡಿ ಮಾಡಿಬಿಡ್ತೇವೆ ಅಂತಿದಾರೆ.

ಸಲಹೆಗಾರರು: ಒಟಿಪಿ ಹೇಳಬೇಡಿ. ಅದು ಡಿಜಿಲಾಕರ್‌ದಾ, ಆಧಾರ್‌ದಾ, ಬ್ಯಾಂಕಿನದಾ ಅಂತ ಫೋನ್‌ನಲ್ಲಿ ಗೊತ್ತಾಗಲ್ಲ. ಡಿಇಬಿ ಐಡಿನೇ ಆಗಿದ್ದರೂ ಅದು ಅವರ ಕೈಗೆ ಸಿಕ್ಕರೆ ನಿಮಗೆ ಗೊತ್ತಿಲ್ಲದ ಯಾವುದೋ ಕೋರ್ಸಿಗೆ ತಂಗಿ ಹೆಸರು ಸೇರಿಸಬಹುದು. ಈಗಾಗಲೇ ಹೇಳಿಬಿಟ್ಟಿದ್ದರೆ ಡಿಜಿಲಾಕರ್ ಪಿನ್ ತಕ್ಷಣ ಬದಲಾಯಿಸಿ, ಖಾತೆಯಿಂದ ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಳೆ ಅಂಕಪಟ್ಟಿ ತರೋಕೆ ತಂಗಿಯನ್ನ ಒಬ್ಬಳೇ ಕಳಿಸಬೇಡಿ. ತಂದ ಮೇಲೆ ಹೆಸರಿನ ಕಾಗುಣಿತ ನನಗೆ ಖಾಸಗಿಯಾಗಿ ಕಳಿಸಿ, ಆಧಾರ್‌ನಲ್ಲಿ ಏನು ತಿದ್ದಿಸಬೇಕು ಅಂತ ಹೇಳ್ತೀನಿ.

ಶಿರಸಿಯ ಓದುಗಿ: ಹೇಳಿಲ್ಲ ಮೇಡಂ. ಅಣ್ಣನ ಜೊತೆ ಹೋಗ್ತೇವೆ.