ಕೇರ್ ಹೋಮಲ್ಲಿರೋ ಅತ್ತೆ ಕೈಮೇಲೆ ಪಟ್ಟಿ ಥರ ಗುರುತು, ಕೇಳಿದ್ರೆ ಒಬ್ಬೊಬ್ರು ಒಂದೊಂದ್ ಹೇಳ್ತಾರೆ, ಏನ್ ಮಾಡ್ಲಿ?

ಗಾಂಧಿಬಜಾರ್_ಹುಡ್ಗ:
ನಮ್ಮ ಸೋದರತ್ತೆಗೆ 78, ಮದ್ವೆ ಆಗಿಲ್ಲ, ಕನ್ನಡ ಮೇಡಂ ಆಗಿ ರಿಟೈರ್ ಆದೋರು. ಮರೆವು ಜಾಸ್ತಿಯಾಗಿ ಗ್ಯಾಸ್ ಆನ್ ಮಾಡಿ ಹಾಗೇ ಬಿಟ್ಟು ಹೋಗೋಕೆ ಶುರು ಮಾಡಿದ್ಮೇಲೆ ಬೇರೆ ದಾರಿ ಇಲ್ದೆ ಕನಕಪುರ ರಸ್ತೆ ಕಡೆ ಒಂದು ಪ್ರೈವೇಟ್ ಹೋಮಿಗೆ ಸೇರಿಸಿದ್ವಿ. ಈ ಭಾನುವಾರ ಬಳೆ ಸರಿಸಿ ನೋಡಿದ್ರೆ ಎರಡೂ ಮಣಿಕಟ್ಟಿನ ಸುತ್ತ ಕೆಂಪಗೆ ಪಟ್ಟಿ ಥರ ಗುರುತು. ಮ್ಯಾನೇಜರ್ "ವಯಸ್ಸಾದೋರ ಚರ್ಮ ಸಾರ್, ಮುಟ್ಟಿದ್ರೆ ಕಲೆ ಆಗತ್ತೆ" ಅಂದ್ರು, ಆಯಾ ಬಿದ್ರು ಅಂದ್ಲು. ಅತ್ತೆನೇ ಮಾತಾಡ್ಸೋಣ ಅಂದ್ರೆ ಮಟಮಟ ಮಧ್ಯಾಹ್ನ ತೂಕಡಿಸ್ತಾ ಕೂತಿದ್ರು, ಆದ್ರೆ ಯೂನಿಫಾರ್ಮಿನೋರು ಹತ್ರ ಬಂದ ಕೂಡ್ಲೆ ಎಚ್ಚರ ಆಗಿ ಕೈ ಎರಡೂ ಸೆರಗಿನೊಳಗೆ ಎಳ್ಕೊಂಡ್ಬಿಟ್ರು. ಫೋನ್ ಮಾಡ್ದೆ ಬರ್ಬೇಡಿ ಅಂತ ಬೇರೆ ರೂಲ್ಸು. ಗಲಾಟೆ ಮಾಡಿದ್ರೆ ಆಮೇಲೆ ಅವಳ ಮೇಲೇ ತೀರಿಸ್ಕೋತಾರೆ ಕಣೋ ಅಂತ ಅಪ್ಪ ಹೆದರ್ತಿದಾರೆ.

ನೈಟ್‌ಡ್ಯೂಟಿ_ಸಿಸ್ಟರ್:
ಮ್ಯಾನೇಜರ್ ಹೇಳಿದ್ದು ಅರ್ಧ ನಿಜ. ವಯಸ್ಸಾದೋರಿಗೆ, ಅದ್ರಲ್ಲೂ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ಮುಂಗೈ ಮೇಲೆ ನೇರಳೆ ಕಲೆ ಸುಮ್ಸುಮ್ನೆ ಬರತ್ತೆ. ಬಿದ್ರೆ ಮೊಣಕಾಲು, ಮೊಣಕೈ, ಸೊಂಟ, ಹಣೆ, ಇಂಥ ಕಡೆ ಏಟಾಗತ್ತೆ. ಎರಡೂ ಮಣಿಕಟ್ಟಿನ ಸುತ್ತ ಒಂದೇ ಥರ ಪಟ್ಟಿ ಇದ್ರೆ ಮೊದ್ಲು ಬರೋ ಅನುಮಾನ ಕಟ್ಟಿದಾರೆ ಅಂತಲೇ, ಬೆಡ್‌ಶೀಟ್ ಹರಿದು ಮಂಚದ ಸರಳಿಗೆ ಕಟ್ಟೋದನ್ನ ನಾನೇ ಕಣ್ಣಾರೆ ನೋಡಿದೀನಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತಾರೀಖು ಬರೋ ಹಾಗೆ ಫೋಟೋ ತೆಗೀರಿ. ಬೆನ್ನ ಕೆಳಗೆ, ಹಿಮ್ಮಡಿ ಎರಡೂ ನೋಡಿ, ಹುಣ್ಣು ಇದ್ರೆ ಮಗ್ಗಲು ಬದಲಾಯಿಸ್ತಿಲ್ಲ ಅಂತ ಅರ್ಥ.

ತೂಕಡಿಕೆ ನಂಗೆ ಜಾಸ್ತಿ ಚಿಂತೆ. ಮೆಡಿಸಿನ್ ಚಾರ್ಟ್ ಕೇಳಿ, ಕ್ವೆಟಿಯಾಪಿನ್ ಲೊರಾಜೆಪಾಮ್ ಥರದ ಮಂಪರು ತರಿಸೋ ಮಾತ್ರೆ ಇದ್ಯಾ, ಯಾವ ಡಾಕ್ಟ್ರು ಯಾವಾಗ ಬರ್ದಿದ್ದು ಅಂತ. ಮರೆವಿನ ಕಾಯಿಲೆಯವ್ರಿಗೆ ಕ್ವೆಟಿಯಾಪಿನ್ ಜಾತಿಯ ಮಾತ್ರೆ ಪಾರ್ಶ್ವವಾಯು, ಸಾವು ಎರಡರ ರಿಸ್ಕೂ ಜಾಸ್ತಿ ಮಾಡತ್ತೆ, ಸುಮ್ನಿರ್ಲಿ ಅಂತ ಕೊಡೋದಲ್ಲ. ಹೊರಗಿನ ಡಾಕ್ಟ್ರಿಗೆ ತೋರ್ಸಿ, ಸರ್ಕಾರಿ ಆಸ್ಪತ್ರೆ ಆದ್ರೆ ಎಂಎಲ್‌ಸಿ, ಅಂದ್ರೆ ಗಾಯ ದಾಖಲಿಸಿ ಪೊಲೀಸ್ರಿಗೆ ತಿಳಿಸೋ ಮೆಡಿಕೋ ಲೀಗಲ್ ಕೇಸ್, ಮಾಡಿ ಅಂತ ಕೇಳಿ.

ಸುಮ್ನೆಒಬ್ಬ:
2007ರ ಹಿರಿಯ ನಾಗರಿಕರ ಕಾಯ್ದೆ ಇದ್ಯಲ್ಲ ಗುರು, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಲ್ಲಿ ಒಂದು ಅರ್ಜಿ ಹಾಕಿ, ಹೋಮ್ ಬಾಗಿಲು ಮುಚ್ಚಿಸ್ತಾರೆ.

ಕೋರ್ಟ್‌ಹಾಲ್_7:
ಇಲ್ಲ ಸ್ವಾಮಿ, ಎಲ್ರೂ ಇದನ್ನೇ ಹೇಳ್ತಾರೆ. ಎಸಿ ಮುಂದಿನ ಟ್ರಿಬ್ಯುನಲ್ ಮುಖ್ಯವಾಗಿ ಜೀವನಾಂಶಕ್ಕೆ, ನೋಡ್ಕೋತೀನಿ ಅಂತ ಆಸ್ತಿ ಬರೆಸ್ಕೊಂಡು ಕೈಬಿಟ್ಟಿದ್ರೆ ಅದನ್ನ ರದ್ದು ಮಾಡೋಕೆ. ಅದೇ ಕಾಯ್ದೆ 24ನೇ ಸೆಕ್ಷನ್ನಲ್ಲಿ 3 ತಿಂಗಳು ಜೈಲು ಇಲ್ಲಾ 5000 ದಂಡ ಇರೋದು ಹಿರಿಯರನ್ನ ಎಲ್ಲೋ ಬಿಟ್ಟು ಕೈತೊಳ್ಕೊಳ್ಳೋರಿಗೆ. ಹೊಡೆದಿದ್ರೆ, ಕಟ್ಟಿಹಾಕಿದ್ರೆ ಅದು ಪೊಲೀಸ್ ಕೇಸು, ಐಪಿಸಿ ಬದಲು ಬಂದಿರೋ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 115, 127 ನೋಡಿ. ಮೊದ್ಲು 1090ಗೆ ಫೋನ್ ಮಾಡಿ, ಬೆಂಗಳೂರು ಪೊಲೀಸು ಮತ್ತೆ ನೈಟಿಂಗೇಲ್ಸ್ ಟ್ರಸ್ಟ್ ಸೇರಿ ನಡೆಸೋ ಹಿರಿಯರ ಸಹಾಯವಾಣಿ. 14567 ದೇಶಕ್ಕೆಲ್ಲಾ ಇರೋದು. ಈಗಲೇ ಜೀವಕ್ಕೆ ಅಪಾಯ ಅನ್ಸಿದ್ರೆ 112, ಯೋಚ್ನೆ ಮಾಡ್ತಾ ಕೂರ್ಬೇಡಿ.

ಇನ್ನೊಂದು, ಸ್ಟಾಫ್ ಇಲ್ಲ ಅದಕ್ಕೇ ಕಟ್ಟಿದ್ವಿ ಅಂತ ಹೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ನೆಪವನ್ನೇ ಹೆಸರಿಟ್ಟು ತಳ್ಳಿಹಾಕಿದೆ, ಕಟ್ಟಿದ್ರೆ 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸ್ಬೇಕು ಅಂತಲೂ ಇದೆ. ಅದು ಮಾನಸಿಕ ಆರೋಗ್ಯ ಕೇಂದ್ರಗಳಿಗೆ ಬರ್ದಿರೋದು, ಈ ಹೋಮ್ ಅದ್ರಡಿ ರಿಜಿಸ್ಟರ್ ಆಗಿದ್ಯಾ ಕೇಳಿ ನೋಡಿ, ಉತ್ರ ಕೊಡೋ ರೀತಿಲೇ ಅರ್ಧ ಗೊತ್ತಾಗತ್ತೆ.

ಪುಟ್ಟಿ_ಕೆಂಗೇರಿ:
ನಮ್ಮಮ್ಮ ಇಂಥದ್ದೇ ಒಂದು ಹೋಮಲ್ಲಿ ಆಯಾ. ರಾತ್ರಿ ಇಡೀ ಹಾಲಿಗೆ ಒಬ್ರೇ, ಏಜೆನ್ಸಿಯಿಂದ ಬಂದಿರೋ ಎಷ್ಟೋ ಹುಡ್ಗೀರಿಗೆ ಕನ್ನಡ ಬರಲ್ಲ. ಅಜ್ಜಿ ಒಂದಕ್ಕೆ ಹೋಗ್ಬೇಕು ಅಂತ ಕೂಗ್ತಾ ಇರ್ತಾರೆ, ಹುಡ್ಗಿಗೆ ಅರ್ಥ ಆಗಲ್ಲ, ಅಜ್ಜಿ ತಾನೇ ಎದ್ದು ಹೋಗಿ ಜಾರಿ ಬಿದ್ರೆ ಹುಡ್ಗಿ ಸಂಬಳ ಕಟ್, ಅದಕ್ಕೇ ಕಟ್ಟಿಬಿಡೋದು. ಸರಿ ಅಂತ ಹೇಳ್ತಿಲ್ಲ. ಆದ್ರೆ ಆಯಾನ ಮ್ಯಾನೇಜರ್ ಎದುರು ಕೇಳ್ಬೇಡಿ, ಗೇಟ್ ಹೊರಗೆ ಕೇಳಿ, ಹೇಳ್ತಾರೆ. ಇಲ್ಲಾಂದ್ರೆ ನಾಳೆ ಆ ಹುಡ್ಗೀನ ಕೆಲಸದಿಂದ ತೆಗ್ದು "ಆಕ್ಷನ್ ತಗೊಂಡ್ವಿ ಸಾರ್" ಅಂತಾರೆ, ಹೊಸ ಹುಡ್ಗಿ ಬಂದು ಅದೇ ಬಟ್ಟೆಲಿ ಕಟ್ತಾಳೆ.

ಗಾಂಧಿಬಜಾರ್_ಹುಡ್ಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನೆನ್ನೆ ಹೇಳ್ದೇ ಕೇಳ್ದೇ ರಾತ್ರಿ ಊಟದ ಹೊತ್ತಿಗೆ ಹೋದ್ವಿ, ಗೇಟಲ್ಲಿ ಸುಮಾರು ಹೊತ್ತು ನಿಲ್ಲಿಸಿ ಆಮೇಲೆ ಬಿಟ್ರು. ಕೈ ಕಟ್ಟಿರ್ಲಿಲ್ಲ, ಆದ್ರೆ ಮಂಚದ ಸರಳಲ್ಲಿ ಬಟ್ಟೆ ಗಂಟು ಹಾಗೇ ನೇತಾಡ್ತಿತ್ತು, ಫೋಟೋ ತೆಗ್ದೆ. 1090ಗೆ ವಿವರ ಕೊಟ್ಟಿದೀನಿ. ನಾಳೆ ಬೆಳಿಗ್ಗೆ ಮನೆಗೆ ಕರ್ಕೊಂಡ್ ಬರ್ತೀವಿ. ಡೆಪಾಸಿಟ್ ವಾಪಸ್ ಕೊಡಲ್ಲ ಅಂತಿದಾರೆ.

ಕೋರ್ಟ್‌ಹಾಲ್_7:
ದುಡ್ಡಿನ ಜಗಳ ಆಮೇಲೆ ಗ್ರಾಹಕರ ಆಯೋಗದಲ್ಲಿ ನೋಡ್ಕೊಳ್ಳಿ. "ಯಾವ ದೂರೂ ಇಲ್ಲ" ಅಂತ ಬರ್ದಿರೋ ಕಾಗದಕ್ಕೆ ಮಾತ್ರ ಸೈನ್ ಹಾಕ್ಬೇಡಿ, ಅತ್ತೆ ಹೆಬ್ಬೆಟ್ಟೂ ಒತ್ತೋಕೆ ಬಿಡ್ಬೇಡಿ.

ನೈಟ್‌ಡ್ಯೂಟಿ_ಸಿಸ್ಟರ್:
ಮೆಡಿಸಿನ್ ಚಾರ್ಟಿನ ಫೋಟೋ ತಗೊಂಡೇ ಹೊರಡಿ, ಹೊರಗೆ ಬಂದ್ಮೇಲೆ ಕೊಡಲ್ಲ. ಮನೆಗೆ ಬಂದ್ರು ಅಂತ ನಿದ್ದೆ ಮಾತ್ರೆ ದಿಢೀರ್ ನಿಲ್ಲಿಸ್ಬೇಡಿ, ಲೊರಾಜೆಪಾಮ್ ದಿನಾ ಕೊಡ್ತಿದ್ರೆ ಒಮ್ಮೆಲೇ ಬಿಡಿಸಿದಾಗ ಫಿಟ್ಸ್ ಬರಬಹುದು. ನಿಮ್ಹಾನ್ಸ್‌ಲ್ಲಿ ವಯಸ್ಸಾದೋರಿಗೇ ಅಂತ ವಿಭಾಗ ಇದೆ, ಅಲ್ಲಿ ತೋರ್ಸಿ ನಿಧಾನಕ್ಕೆ ಕಮ್ಮಿ ಮಾಡ್ಸಿ.